ಹಸಿರು ಸೇಬಿಗಾಗಿ ನಾನೂರು ಮೊಟ್ಟೆ

ಪೋಕೆಮಾನ್ ಅಂದ ತಕ್ಷಣ ಬಹಳ ಮಂದಿಗೆ ನೆನಪಾಗೋದು ಟೀವಿಯ ಕಾರ್ಟೂನು, ಹಳದಿ ಪಿಕಾಚು, ಕೆಂಪು-ಬಿಳಿ ಚೆಂಡು. ಚೆಂಡೆಸೆದು ಪ್ರಾಣಿ ಹಿಡೀತಾರೆ, ಜಗಳಕ್ಕೆ ಬಿಡ್ತಾರೆ, ಗೆಲ್ತಾರೆ, ಅಷ್ಟೇ ಅಂತ. ಆದರೆ ಈ ವಿಡಿಯೊ ಗೇಮನ್ನು ನಿಜವಾಗಿ ಹಚ್ಚಿಕೊಂಡವರು ಹಿಡಿಯೋದಕ್ಕಿಂತ ಹೆಚ್ಚು ಹೊತ್ತು ಮಾಡೋದು ಬೇರೆಯೇ ಕೆಲಸ. ಎರಡು ಪೋಕೆಮಾನ್‌ಗಳನ್ನು ಜೋಡಿಯಾಗಿ ಬಿಟ್ಟು, ಮೊಟ್ಟೆ ಬರೋವರೆಗೆ ಕಾದು, ಆ ಮೊಟ್ಟೆ ಹೊತ್ತುಕೊಂಡು ಊರೆಲ್ಲ ಸುತ್ತಿ, ಒಡೆದಾಗ ಒಳಗಿಂದ ಎಂಥ ಮರಿ ಬಂತು ಅಂತ ನೋಡೋದು. ಮಕ್ಕಳ ಭಾಷೆಯಲ್ಲಿ ಬ್ರೀಡಿಂಗ್. 1996ರಲ್ಲಿ ಜಪಾನಿನಲ್ಲಿ ಬಂದ ಮೊದಲ ಆಟಗಳಲ್ಲಿ ಇದು ಇರಲೇ ಇಲ್ಲ. ಗಂಡು-ಹೆಣ್ಣು ಅನ್ನೋ ಲೆಕ್ಕವೂ ಇರಲಿಲ್ಲ. 1999ರ ಗೋಲ್ಡ್ ಮತ್ತು ಸಿಲ್ವರ್ ಆಟಗಳಲ್ಲಿ ಎರಡೂ ಬಂದವು, ಅಲ್ಲಿಂದ ಈಚೆಗೆ ಮೊಟ್ಟೆ ಇಲ್ಲದ ಪೋಕೆಮಾನ್ ಅಂದರೆ ಉಪ್ಪಿಲ್ಲದ ಸಾರು ಅಂತಾನೆ ನನ್ನ ತಮ್ಮ.

ಬ್ರೀಡಿಂಗ್‌ನಿಂದ ಏನು ಲಾಭ ಅಂತ ಆಟಗಾರರನ್ನು ಕೇಳಿದರೆ ಗಟ್ಟಿ ತಂಡ ಕಟ್ಟಬಹುದು, ಅಪರೂಪದ ಬಣ್ಣ ಸಿಗಬಹುದು ಅಂತೆಲ್ಲ ಹೇಳ್ತಾರೆ. ನನ್ನ ಪಟ್ಟಿ ಬೇರೆ. ನಾನು ಹಾಸನದ ಪಿಯು ಕಾಲೇಜೊಂದರಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು. ಮಗನಿಗೆ ಹನ್ನೆರಡು, ಮಗಳಿಗೆ ಎಂಟು. ಜರ್ಮನಿಯಲ್ಲಿರೋ ತಮ್ಮ ಎರಡು ವರ್ಷದ ಹಿಂದೆ ರಜೆಗೆ ಬಂದಾಗ ತನ್ನ ಹಳೆಯ ನಿಂಟೆಂಡೊ ಸ್ವಿಚ್ಚನ್ನೂ, ಪೋಕೆಮಾನ್ ಸೋರ್ಡ್ ಅನ್ನೋ 2019ರ ಆಟವನ್ನೂ ಅಳಿಯನ ಕೈಗಿಟ್ಟು ಹೋದ. ವಾರಕ್ಕೆ ನಾಲ್ಕು ಗಂಟೆ, ಅದಕ್ಕಿಂತ ಒಂದು ನಿಮಿಷ ಜಾಸ್ತಿ ಇಲ್ಲ ಅಂತ ಷರತ್ತು ಹಾಕಿದೆ. ಆ ನಾಲ್ಕು ಗಂಟೆಯಲ್ಲಿ ಮಗ ಕುಸ್ತಿ ಆಡಿದ್ದು ಕಡಿಮೆ, ಮೊಟ್ಟೆ ಒಡೆಸಿದ್ದೇ ಹೆಚ್ಚು.

ಆಟದ ನಕ್ಷೆಯಲ್ಲಿ ಒಂದು ನರ್ಸರಿ ಇದೆ. ಎರಡು ಪೋಕೆಮಾನ್‌ಗಳನ್ನು ಅಲ್ಲಿ ಬಿಟ್ಟು ಬರಬೇಕು. ನೋಡಿಕೊಳ್ಳೋ ಹೆಂಗಸನ್ನು ಕೇಳಿದರೆ ಇವೆರಡಕ್ಕೂ ಬಹಳ ಚೆನ್ನಾಗಿ ಹೊಂದಿಕೆಯಾಗಿದೆ, ಪರವಾಗಿಲ್ಲ, ಅಷ್ಟಕ್ಕಷ್ಟೇ, ಹೀಗೆ ಏನಾದರೂ ಒಂದು ಹೇಳ್ತಾಳೆ. ಥೇಟ್ ನಮ್ಮ ಜಾತಕ ನೋಡೋರ ಥರ. ಹೊಂದಿಕೆ ಇದ್ದಷ್ಟೂ ಮೊಟ್ಟೆ ಬೇಗ. ಆದರೆ ಯಾವುದಕ್ಕೆ ಯಾವುದನ್ನಾದರೂ ಜೋಡಿ ಮಾಡೋ ಹಾಗಿಲ್ಲ, ಮೊಟ್ಟೆಯ ಗುಂಪು ಅಂತ ಇದೆ. ನಮ್ಮಲ್ಲಿ ಒಂದೇ ಗೋತ್ರ ಆದರೆ ಮದುವೆ ಕೂಡದು, ಅಲ್ಲಿ ಒಂದೇ ಗುಂಪು ಆದರೆ ಮಾತ್ರ ಮೊಟ್ಟೆ. ಗುಂಪು ಒಂದಾಗಿದ್ದರೆ ಸಾಕು, ಗಾತ್ರ ಕೇಳೋರಿಲ್ಲ. ಸ್ಕಿಟ್ಟಿ ಅನ್ನೋ ಅರವತ್ತು ಸೆಂಟಿಮೀಟರಿನ ಬೆಕ್ಕಿನಮರಿಗೂ ವೇಲಾರ್ಡ್ ಅನ್ನೋ 14.5 ಮೀಟರಿನ ತಿಮಿಂಗಿಲಕ್ಕೂ ಗುಂಪು ಒಂದೇ. ಇದನ್ನು ಕೇಳಿ ನಮ್ಮತ್ತೆ, "ಅಯ್ಯೋ ರಾಮ, ಆ ಬೆಕ್ಕಿನ ಗತಿ ಏನೋ?" ಅಂತ ಗಾಬರಿಯಾಗಿದ್ದರು.

ಮರಿ ಯಾವ ಜಾತಿಯದಾಗುತ್ತೆ? ತಾಯಿಯದು. ಬೆಕ್ಕು ತಾಯಿಯಾದರೆ ಬೆಕ್ಕು, ತಿಮಿಂಗಿಲ ತಾಯಿಯಾದರೆ ತಿಮಿಂಗಿಲ. ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ಮಂಗಳೂರು ಕಡೆಯ ಸಹೋದ್ಯೋಗಿಯೊಬ್ಬರು, "ಇದು ನಮ್ಮ ಅಳಿಯಸಂತಾನ ಅಲ್ವಾ ಮಾರಾಯ್ತಿ, ಬಳಿ ತಾಯಿಯಿಂದ್ಲೇ ಬರೋದು" ಅಂದರು. ಅದಕ್ಕೇ ಈವೀ ಅನ್ನೋ ಪೋಕೆಮಾನ್‌ನಲ್ಲಿ ಹೆಣ್ಣು ಸಿಕ್ಕರೆ ಮಕ್ಕಳು ಕುಣಿದಾಡ್ತಾರೆ. ಎಂಟರಲ್ಲಿ ಒಂದು ಮಾತ್ರ ಹೆಣ್ಣು, ವಂಶ ಮುಂದುವರಿಯೋದು ಅವಳಿಂದಲೇ. ನನ್ನ ಮಗಳಿಗೆ ಈ ಸುದ್ದಿ ಬಹಳ ಹಿಡಿಸಿತು. "ನಾನು ಅಪರೂಪ, ನೀನು ಮಾಮೂಲಿ" ಅಂತ ಅಣ್ಣನನ್ನು ಒಂದು ವಾರ ರೇಗಿಸಿದಳು.

ಮೊಟ್ಟೆ ಕೈಗೆ ಬಂದ ಮೇಲೆ ನಡೆಯಬೇಕು. ಆಟದೊಳಗೆ ಹೆಜ್ಜೆ ಹಾಕಿದಷ್ಟೂ ಮೊಟ್ಟೆಗೆ ವಯಸ್ಸಾಗುತ್ತೆ. ಮ್ಯಾಜಿಕಾರ್ಪ್ ಅನ್ನೋ ಕೆಲಸಕ್ಕೆ ಬಾರದ ಮೀನು ಬೇಗ ಹೊರಗೆ ಬರುತ್ತೆ. ಡ್ರಾಟಿನಿ ಅನ್ನೋ ಡ್ರ್ಯಾಗನ್ ಮರಿಗೆ ಅದರ ಎಂಟು ಪಟ್ಟು ನಡೆಯಬೇಕು. ಸೋರ್ಡ್‌ನಲ್ಲಿ ಸೈಕಲ್ ಸಿಗೋದರಿಂದ ಮಗ ನರ್ಸರಿ ಹತ್ತಿರದ ಸೇತುವೆ ಮೇಲೆ ಹಿಂದಕ್ಕೂ ಮುಂದಕ್ಕೂ ಸೈಕಲ್ ಹೊಡೀತಾನೆ. ಜೊತೆಗೆ ಕಾರ್ಕೋಲ್ ಅನ್ನೋ ಕಲ್ಲಿದ್ದಲ ಗಾಡಿಯಂಥ ಪೋಕೆಮಾನ್ ಇಟ್ಟುಕೊಂಡಿರ್ತಾನೆ. ಅದಕ್ಕೆ ಬಿಸಿಮೈಯ ಗುಣ ಇದ್ದರೆ ಅರ್ಧ ಹೆಜ್ಜೆಗೇ ಮೊಟ್ಟೆ ಒಡೆಯುತ್ತೆ. ಕಾವು ಕೂತ ಕೋಳಿ ಇದ್ದಂಗೆ. ಇದನ್ನು ಮಾತ್ರ ಅತ್ತೆಗೆ ಯಾರೂ ವಿವರಿಸಬೇಕಾಗಲಿಲ್ಲ.

ಇನ್ನು ಲೆಕ್ಕದ ವಿಚಾರ. ಪ್ರತಿ ಪೋಕೆಮಾನ್‌ಗೂ ಆರು ಸಾಮರ್ಥ್ಯಗಳು: ಜೀವಶಕ್ತಿ, ಎರಡು ಥರದ ದಾಳಿ, ಎರಡು ಥರದ ರಕ್ಷಣೆ, ವೇಗ. ಒಂದೊಂದಕ್ಕೂ ಹುಟ್ಟಿನಲ್ಲೇ ಒಂದು ಅಂಕ, ಸೊನ್ನೆಯಿಂದ 31ರವರೆಗೆ. ಮಾಮೂಲಿಯಾಗಿ ಮರಿ ಈ ಆರರಲ್ಲಿ ಮೂರನ್ನು ಅಪ್ಪ ಅಮ್ಮನಿಂದ ಪಡೆಯುತ್ತೆ, ಉಳಿದ ಮೂರು ಅದೃಷ್ಟಕ್ಕೆ ಬಿಟ್ಟಿದ್ದು. ಡೆಸ್ಟಿನಿ ನಾಟ್ ಅನ್ನೋ ಒಂದು ದಾರವನ್ನು ಅಪ್ಪನಿಗೋ ಅಮ್ಮನಿಗೋ ಕೊಟ್ಟರೆ ಮೂರರ ಬದಲು ಐದು ಬರ್ತವೆ. ಅಂದರೆ ಹೆತ್ತವರಿಬ್ಬರಿಗೂ ಆರಕ್ಕೆ ಆರೂ 31 ಇದ್ದರೂ ಮಗುವಿನ ಆರನೆಯದು ಲಾಟರಿಯೇ, ಮೂವತ್ತೆರಡರಲ್ಲಿ ಒಂದು ಅವಕಾಶ. ಇದನ್ನು ನಾನು ಹೇಳಿಕೊಡಲಿಲ್ಲ. ಹತ್ತು ವರ್ಷದ ಹುಡುಗ ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಗೆರೆ ಎಳೆದು, ಅಪ್ಪ ಒಂದು ಕಡೆ, ಅಮ್ಮ ಒಂದು ಕಡೆ, ಮರಿ ಕೆಳಗೆ ಅಂತ ಬರೆದುಕೊಂಡು ತಾನೇ ಕಂಡುಹಿಡಿದ. ನನ್ನ ದ್ವಿತೀಯ ಪಿಯು ವಿದ್ಯಾರ್ಥಿಗಳಿಗೆ ಮೆಂಡಲ್‌ನ ಬಟಾಣಿ ಗಿಡದ ಚೌಕ ಹಾಕಿಸೋದಕ್ಕೆ ನಾನು ಪಡೋ ಪಾಡು ನನಗೇ ಗೊತ್ತು. ಇಲ್ಲಿ ನೋಡಿದರೆ ಯಾರೂ ಹೇಳದೆ ಇಡೀ ನೋಟ್‌ಬುಕ್ಕು ತುಂಬಿತ್ತು. ಆಮೇಲೆ ಈ ದಾರದ ಲೆಕ್ಕವನ್ನೇ ತರಗತಿಯಲ್ಲಿ ಒಂದೆರಡು ಸಲ ಬಳಸಿದೆ. ಹಿಂದಿನ ಬೆಂಚಿನ ಹುಡುಗರು ಮುಂದಕ್ಕೆ ಬಂದು ಕೂತರು.

ಹಾಗಂತ ಆಟದ ಜೀವಶಾಸ್ತ್ರ ಪೂರ್ತಿ ಸರಿ ಅಂತಲ್ಲ. ಹೆತ್ತವರು ಬದುಕಿನಲ್ಲಿ ಕಲಿತ ಕೆಲವು ಪಟ್ಟುಗಳನ್ನು ಮರಿ ಹುಟ್ಟುವಾಗಲೇ ಕಲಿತುಕೊಂಡು ಬರುತ್ತೆ. ಮೆಂಡಲ್ ಒಪ್ಪೋ ಮಾತಲ್ಲ ಇದು, ಜಿರಾಫೆ ಕತ್ತು ಚಾಚಿ ಚಾಚಿ ಉದ್ದ ಮಾಡಿಕೊಂಡಿತು ಅಂದ ಲಾಮಾರ್ಕ್ ಕುಣಿದಾಡಬೇಕು. ಹಾಗಿದ್ದಿದ್ದರೆ ಜೀವಶಾಸ್ತ್ರದ ಮೇಷ್ಟ್ರ ಮಕ್ಕಳು ಪಾಠ ಓದೋದೇ ಬೇಕಿರಲಿಲ್ಲ. ಇನ್ನೊಂದು ದೊಡ್ಡ ವ್ಯತ್ಯಾಸ ಇದೆ. ಆಟದಲ್ಲಿ ತಾಯಿಗೆ ಏನಿದೆಯೋ ಅದು ಕಣ್ಣಿಗೆ ಕಾಣುತ್ತೆ, ಪಟ್ಟಿ ತೆಗೆದರೆ ಎಲ್ಲ ಅಂಕಿಯೂ ಮುಂದಿರುತ್ತೆ. ತನ್ನಲ್ಲಿ ಕಾಣದೇ ಇರೋದನ್ನು ಹೊತ್ತುಕೊಂಡು ಹೋಗಿ ಮಗುವಿಗೆ ಕೊಡೋ ತಾಯಿ ಅಲ್ಲಿಲ್ಲ.

ಅಂಥ ತಾಯಿ ನಾನು.

ನಮ್ಮಪ್ಪನಿಗೆ ಕೆಂಪು-ಹಸಿರು ಗೊತ್ತಾಗುತ್ತಿರಲಿಲ್ಲ. ಸಕಲೇಶಪುರದ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಕುಯ್ಲಿನ ಸಮಯದಲ್ಲಿ ಹಸಿರೆಲೆ ನಡುವೆ ಕೆಂಪಗೆ ಮಿನುಗೋ ಹಣ್ಣು ಎಲ್ಲರಿಗೂ ದೂರದಿಂದಲೇ ಕಾಣೋದು, ಅಪ್ಪನಿಗೆ ಮಾತ್ರ ಇಲ್ಲ. ಅವರು ಒಂದೊಂದೇ ಕಾಯಿಯನ್ನು ಬೆರಳಲ್ಲಿ ಒತ್ತಿ ನೋಡಿ, ಮೆತ್ತಗಿದ್ದರೆ ಕೀಳೋರು. ಕೆಲಸದ ಹೆಂಗಸರು ಮುಸಿಮುಸಿ ನಗೋರು. ಅಪ್ಪನ ಬುಟ್ಟಿಯಲ್ಲಿ ಒಂದು ಕಾಯಿಯೂ ಹಸಿ ಇರುತ್ತಿರಲಿಲ್ಲ ಅನ್ನೋದು ಬೇರೆ ಮಾತು. ವರ್ಣಾಂಧತೆ ಅನ್ನೋ ಪದ ಅವರಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಾಗಿದ್ದು ಪಿಯುಸಿಯಲ್ಲಿ ಪಾಠ ಓದುವಾಗ. ಗಂಡಸರಲ್ಲಿ ನೂರಕ್ಕೆ ಸುಮಾರು ಎಂಟು ಮಂದಿಗೆ ಇರುತ್ತೆ, ಹೆಂಗಸರಲ್ಲಿ ಬರೀ 0.4. ಕಾರಣ ಇಷ್ಟೇ. ಈ ಗುಣದ ಜೀನ್ ಇರೋದು ಎಕ್ಸ್ ವರ್ಣತಂತುವಿನಲ್ಲಿ. ಗಂಡಸಿಗೆ ಎಕ್ಸ್ ಒಂದೇ, ಅದು ಕೆಟ್ಟರೆ ಬದಲಿಗೆ ಇನ್ನೊಂದಿಲ್ಲ. ಹೆಂಗಸಿಗೆ ಎರಡು, ಒಂದು ಕೆಟ್ಟರೆ ಇನ್ನೊಂದು ಸಂಭಾಳಿಸುತ್ತೆ. ಅಪ್ಪನಿಗೆ ಇದ್ದ ಒಂದೇ ಎಕ್ಸ್ ಮಗಳಾದ ನನಗೆ ಬರಲೇಬೇಕು, ಬಂದಿದೆ. ತಮ್ಮನಿಗೆ ಅಪ್ಪನಿಂದ ಬಂದಿದ್ದು ವೈ, ಆದ್ದರಿಂದ ಅವನು ಪಾರು. ನಾನು ಎಲ್ಲ ಬಣ್ಣ ನೋಡ್ತೀನಿ, ಆದರೆ ನನ್ನ ಗಂಡುಮಗುವಿಗೆ ಅರ್ಧಕ್ಕರ್ಧ ಸಾಧ್ಯತೆ. ಈ ಲೆಕ್ಕ ಬಸುರಿಯಾಗಿದ್ದಾಗಲೇ ನನಗೆ ಗೊತ್ತಿತ್ತು. ಮಗ ಮೂರನೇ ಕ್ಲಾಸಿನಲ್ಲಿ ಮರದ ಕಾಂಡಕ್ಕೆ ಹಸಿರು, ಎಲೆಗೆ ಕಂದು ಬಳಿದು ತಂದ ದಿನ ಚಿತ್ರ ನೋಡಿದವಳೇ ಸುಮ್ಮನೆ ಕೂತೆ. ಕಣ್ಣಿನ ಡಾಕ್ಟರು ಚುಕ್ಕೆ ಚುಕ್ಕೆಯ ಇಶಿಹಾರ ಪುಸ್ತಕ ತೆರೆದು ಒಳಗಿರೋ ಅಂಕಿ ಓದು ಅಂದಾಗ ಅವನು, "ಅಂಕಿ ಎಲ್ಲಿದೆ?" ಅಂತ ಕೇಳಿದ.

ಇದು ದೊಡ್ಡ ಕಾಯಿಲೆಯೇನಲ್ಲ. ಕಣ್ಣು ಮಂಜಾಗೋದಿಲ್ಲ, ನೋವಿಲ್ಲ, ವಯಸ್ಸಾದಂತೆ ಹೆಚ್ಚೋದೂ ಇಲ್ಲ. ಆದರೆ ನನ್ನ ಮಗನಿಗೆ ಆ ಹೊತ್ತಿಗಾಗಲೇ ರೈಲು ಓಡಿಸೋ ಕನಸು. ತವರಿಗೆ ಹೋದಾಗೆಲ್ಲ ಸಕಲೇಶಪುರ ಸ್ಟೇಷನ್ನಿನ ಪ್ಲಾಟ್‌ಫಾರಂನಲ್ಲಿ ಘಾಟಿಗೆ ಇಳಿಯೋ ಗೂಡ್ಸ್ ಗಾಡಿಗಳನ್ನು ನೋಡುತ್ತಾ ಗಂಟೆಗಟ್ಟಲೆ ನಿಲ್ಲೋ ಹುಡುಗ. ಲೋಕೋ ಪೈಲಟ್ ಕೆಲಸಕ್ಕೆ ಬಣ್ಣ ಗುರುತಿಸೋ ಪರೀಕ್ಷೆ ಕಡ್ಡಾಯ. ಸಿಗ್ನಲ್ ಕೆಂಪೋ ಹಸಿರೋ ಅಂತ ಗೊತ್ತಾಗದವನ ಕೈಗೆ ರೈಲು ಕೊಡೋದಿಲ್ಲ, ಕೊಡಲೂಬಾರದು. ಅದನ್ನು ಅವನಿಗೆ ಹೇಳಬೇಕಾದವಳು ನಾನೇ. ಹೇಳಿದೆ. ಅವನು ಅಳಲಿಲ್ಲ, ಆಟದ ರೈಲನ್ನು ಮಂಚದ ಕೆಳಗೆ ತಳ್ಳಿದ.

"ನಮ್ಮ ಕಡೆ ಯಾರಿಗೂ ಇದು ಇರಲಿಲ್ಲಪ್ಪ" ಅಂತ ಅತ್ತೆ ಒಂದು ನಾಮಕರಣದ ಮನೆಯಲ್ಲಿ ನಾಲ್ಕು ಜನರ ಮುಂದೆ ಅಂದರು. ಕೆಟ್ಟ ಮನಸ್ಸಿನಿಂದ ಅಂದಿದ್ದಲ್ಲ, ಅವರಿಗೆ ಅದು ಸುಮ್ಮನೆ ಒಂದು ಮಾಹಿತಿ. ನಿಜವೂ ಹೌದು. ಆದರೂ ಆ ಮಾತು ನನ್ನೊಳಗೆ ಮುಳ್ಳು ಮುರಿದ ಹಾಗೆ ಉಳಿದುಬಿಟ್ಟಿತು. ಮೊಟ್ಟೆಯ ಆಟ ನಮ್ಮ ಮನೆಗೆ ಬಂದಿದ್ದು ಈ ಸ್ಥಿತಿಯಲ್ಲಿ.

ಬ್ರೀಡಿಂಗ್‌ನ ಒಂದು ಮುಖ ನನಗೆ ಮೊದಲಿನಿಂದಲೂ ಕಸಿವಿಸಿ. ಒಳ್ಳೆ ಒಂದು ಮರಿ ಬೇಕು ಅಂತ ಐವತ್ತು ಮೊಟ್ಟೆ ಒಡೆಸ್ತಾರೆ. ಒಂದನ್ನು ಇಟ್ಟುಕೊಂಡರೆ ಉಳಿದ ನಲವತ್ತೊಂಬತ್ತು? ಆಟದಲ್ಲಿ ಅವನ್ನು ಕಾಡಿಗೆ ಬಿಟ್ಟುಬಿಡೋ ಆಯ್ಕೆ ಇದೆ, ಒಂದು ಗುಂಡಿ ಒತ್ತಿದರೆ ಮುಗೀತು. ನಮ್ಮ ಹುಡುಗ ಬಿಡಲಿಲ್ಲ. ಡಬ್ಬಿಗಳ ತುಂಬ ಇಟ್ಟುಕೊಂಡ. ಡಬ್ಬಿ ತುಂಬಿದ ಮೇಲೆ ಸರ್‌ಪ್ರೈಸ್ ಟ್ರೇಡ್ ಅನ್ನೋದಕ್ಕೆ ಹಾಕೋಕೆ ಶುರು ಮಾಡಿದ. ಅದು ಒಂದು ಥರ ಕಣ್ಣುಮುಚ್ಚಿ ಮಾಡೋ ವಿನಿಮಯ. ನಾವು ಒಂದು ಕೊಟ್ಟರೆ ಜಗತ್ತಿನ ಯಾವುದೋ ಮೂಲೆಯ ಅಪರಿಚಿತರೊಬ್ಬರು ಇನ್ನೊಂದು ಕೊಡ್ತಾರೆ. ಏನು ಬರುತ್ತೆ ಅಂತ ಇಬ್ಬರಿಗೂ ಗೊತ್ತಿರಲ್ಲ. ಆರರಲ್ಲಿ ಐದು ಸಾಮರ್ಥ್ಯ ಪೂರ್ತಿ ಇದ್ದು ಆರನೆಯದು ಕೈಕೊಟ್ಟ ಮರಿಗಳನ್ನು ದೊಡ್ಡ ಆಟಗಾರರು ಹೀಗೆ ಹಂಚಿಬಿಡ್ತಾರಂತೆ. ಹೊಸದಾಗಿ ಶುರು ಮಾಡಿದ ಮಗುವಿಗೆ ಅದು ಸಿಕ್ಕರೆ ಹಬ್ಬ. ನಮ್ಮನೆಗೂ ಒಂದು ಸಲ ಜಪಾನಿ ಅಕ್ಷರದ ಹೆಸರಿದ್ದ ಒಂದು ಮರಿ ಬಂತು. ಮಗಳು ಆ ಹೆಸರನ್ನು ಹಾಗೇ ನೋಡಿ ನೋಡಿ ಚಿತ್ರದ ಥರ ಬರೆದು ಫ್ರಿಜ್ಜಿಗೆ ಅಂಟಿಸಿದ್ದಾಳೆ. ಏನು ಹೆಸರೋ, ಓದೋರಿಲ್ಲ.

ಅಂಥ ಒಂದು ಶನಿವಾರ ಸಂಜೆ ನಾನು ಅಲ್ಲೇ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಅವನು ಮರಿಗಳನ್ನು ಒಂದೊಂದೇ ತೆಗೆದು ನೋಡಿ, ಇದು ಇರಲಿ, ಇದು ಟ್ರೇಡಿಗೆ ಅಂತ ಬೇರೆ ಮಾಡುತ್ತಿದ್ದ. ಪಟ್ಟಿಯಲ್ಲಿ 31 ಇದ್ದರೆ ಬೆಸ್ಟ್ ಅಂತ ಬರುತ್ತೆ, ಸೊನ್ನೆ ಇದ್ದರೆ ನೋ ಗುಡ್ ಅಂತ. ಮಾಡ್ತಾ ಮಾಡ್ತಾ ತಲೆ ಎತ್ತದೆ ಕೇಳಿದ:

"ಅಮ್ಮ, ನಂದು ಕಣ್ಣಿಂದು ನೋ ಗುಡ್ ಅಲ್ವಾ? ಮೊದ್ಲೇ ಗೊತ್ತಿದ್ದಿದ್ರೆ ನನ್ನ ಇಟ್ಕೋತಿದ್ಯಾ, ಟ್ರೇಡಿಗೆ ಹಾಕ್ತಿದ್ಯಾ?"

ಕೆಂಪು ಪೆನ್ನು ಕೈಯಲ್ಲೇ ಉಳೀತು. ಪಾಠ ಮಾಡೋ ದನಿಯಲ್ಲಿ ಹೇಳೋಕೆ ಏನೂ ತೋಚಲಿಲ್ಲ. "ಮೊದ್ಲೇ ಗೊತ್ತಿತ್ತು ಕಣೋ" ಅಂದೆ. "ಅರ್ಧಕ್ಕರ್ಧ ಅಂತ ಗೊತ್ತಿತ್ತು. ಗೊತ್ತಿದ್ದೂ ನಲವತ್ತು ವಾರ ಹೊತ್ಕೊಂಡು ಓಡಾಡಿದೀನಿ, ಡ್ರಾಟಿನಿ ಮೊಟ್ಟೆ ಥರ. ಸೈಕಲ್ಲೂ ಇರ್ಲಿಲ್ಲ, ಕಾರ್ಕೋಲೂ ಇರ್ಲಿಲ್ಲ."

ಅವನು ನಕ್ಕ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ನೋ ಗುಡ್ ಅಂದ್ರೆ ಯಾವಾಗ್ಲೂ ಕೆಟ್ಟದ್ದಲ್ಲ, ಗೊತ್ತಾ ನಿಂಗೆ?" ಅಂದ. ಗೊತ್ತಿರಲಿಲ್ಲ. ಅವನೇ ವಿವರಿಸಿದ. ಟ್ರಿಕ್ ರೂಮ್ ಅಂತ ಒಂದು ಪಟ್ಟು ಇದೆ, ಅದನ್ನು ಹಾಕಿದರೆ ಐದು ಸರದಿಯವರೆಗೆ ನಿಧಾನ ಇರೋರೇ ಮೊದಲು. ಹಾಗಾಗಿ ವೇಗ ಸೊನ್ನೆ ಇರೋ ಮರಿಯೇ ಬೇಕು ಅಂತ ನೂರಾರು ಮೊಟ್ಟೆ ಒಡೆಸೋರು ಇದ್ದಾರೆ. ದಾಳಿಯ ಅಂಕ ಸೊನ್ನೆ ಇರಲಿ ಅಂತ ಬಯಸೋರೂ ಇದ್ದಾರೆ, ತಲೆ ತಿರುಗಿ ತನಗೆ ತಾನೇ ಹೊಡೆದುಕೊಂಡಾಗ ಪೆಟ್ಟು ಕಡಿಮೆ ಬೀಳಲಿ ಅಂತ. "ಸೊನ್ನೆ ತರೋದು 31 ತಂದಷ್ಟೇ ಕಷ್ಟ ಅಮ್ಮ, ಅದೂ ಮೂವತ್ತೆರಡರಲ್ಲಿ ಒಂದೇ." ನಾನು ಮತ್ತೆ ಪೇಪರ್ ತಿದ್ದೋಕೆ ಹೋದೆ. ಆ ದಿನ ಮಕ್ಕಳಿಗೆ ಅಂಕ ಸ್ವಲ್ಪ ಧಾರಾಳವಾಗೇ ಬಿದ್ದಿರಬಹುದು.

ಇದಾಗಿ ಕೆಲವು ದಿನಕ್ಕೆ ಅಜ್ಜಿಗೂ ಪಾಠ ಆಯಿತು. ಅತ್ತೆ ಪಕ್ಕದ ಮನೆಯವರೊಂದಿಗೆ ಮಾತಾಡುವಾಗ ಮತ್ತೆ ಅದೇ, ನಮ್ಮ ಕಡೆ ಯಾರಿಗೂ ಇರಲಿಲ್ಲ. ನಾನು ಅಡುಗೆಮನೆಯಲ್ಲಿದ್ದೆ. ಮಗ ನೋಟ್‌ಬುಕ್ ತಗೊಂಡು ಹೋಗಿ ಅಜ್ಜಿ ಪಕ್ಕ ಕೂತ. "ಅಜ್ಜಿ, ಇಲ್ಲಿ ನೋಡಿ. ಅಮ್ಮನ ಹತ್ರ ಎರಡು ದಾರ ಇದೆ. ಒಂದು ಚೆನ್ನಾಗಿರೋದು, ಒಂದು ಮಾಸಿರೋದು. ನಂಗೆ ಒಂದು ಕೊಡ್ಲೇಬೇಕು, ಆದ್ರೆ ಯಾವುದು ಅಂತ ಅಮ್ಮ ಆರಿಸೋ ಹಾಗಿಲ್ಲ. ಅಪ್ಪಂದು ಈ ಲೆಕ್ಕಕ್ಕೇ ಬರಲ್ಲ."

"ಹಾಗಾದ್ರೆ ತಪ್ಪು ಯಾರ್ದೋ?"

"ಮೊಟ್ಟೇಲಿ ಯಾವ ನಂಬರ್ ಬಂತು ಅಂತ ನರ್ಸರಿ ಆಂಟೀನ ಬೈತಾರಾ ಅಜ್ಜಿ?"

ಅತ್ತೆ ಒಂದು ಗಳಿಗೆ ಸುಮ್ಮನಿದ್ದು, "ಕಾಫಿ ಆರಿ ಹೋಗ್ತಿದೆ, ಕುಡಿ" ಅಂದರು. ಕಾಫಿ ಅವನಿಗೆ ಕೊಟ್ಟಿರಲೇ ಇಲ್ಲ, ಅವರದೇ ಲೋಟ ಅವನ ಕಡೆ ಸರಿಸಿದ್ದರು. ಆ ಮಾತು ಮತ್ತೆ ನಾನು ಕೇಳಿಲ್ಲ. ವರ್ಣತಂತು ಅನ್ನೋ ಪದವನ್ನು ಇಷ್ಟು ವರ್ಷ ತರಗತಿಯಲ್ಲಿ ಹೇಳಿದ್ದೀನಿ. ಬಣ್ಣದ ದಾರ ಅಂತ ಅದರ ಅರ್ಥ ಬಿಡಿಸಿ ನೋಡಿದ್ದು ಅವತ್ತು ಒಗ್ಗರಣೆ ಸೌಟು ಹಿಡಿದುಕೊಂಡೇ. ಆಟದ ಆ ಡೆಸ್ಟಿನಿ ನಾಟ್ ಕೂಡ ಕೆಂಪು ದಾರವಂತೆ. ಮಗನಿಗೆ ಅದು ಕಂದು ಬಣ್ಣದ್ದಾಗಿ ಕಾಣುತ್ತೆ.

ಈಗ ಹಸಿರು ಸೇಬಿನ ವಿಚಾರಕ್ಕೆ ಬರ್ತೀನಿ. ಪ್ರತಿ ಪೋಕೆಮಾನ್‌ಗೂ ಅಪರೂಪದ ಒಂದು ಬೇರೆ ಬಣ್ಣ ಇರುತ್ತೆ, ಅದಕ್ಕೆ ಶೈನಿ ಅಂತಾರೆ. ಮಾಮೂಲಿಯಾಗಿ 4096ರಲ್ಲಿ ಒಂದು ಸಿಕ್ಕರೆ ಸಿಕ್ಕಿತು. ಆದರೆ ಮೊಟ್ಟೆ ಒಡೆಸೋರಿಗೆ ಒಂದು ಒಳದಾರಿ ಇದೆ. ಹೆತ್ತವರಿಬ್ಬರು ಬೇರೆ ಬೇರೆ ಭಾಷೆಯ ಆಟದಿಂದ ಬಂದಿದ್ದರೆ ಆ ಸಾಧ್ಯತೆ ಸುಮಾರು 683ಕ್ಕೆ ಒಂದಾಗುತ್ತೆ. 2006ರ ಡೈಮಂಡ್ ಮತ್ತು ಪರ್ಲ್ ಆಟಗಳಲ್ಲಿ ಶುರುವಾಗಿದ್ದು. ಆಟ ರೂಪಿಸಿದವರಲ್ಲಿ ಒಬ್ಬರಾದ ಜುನಿಚಿ ಮಸೂದಾ ಅವರ ಹೆಸರಿನಿಂದ ಇದನ್ನು ಮಸೂದಾ ವಿಧಾನ ಅಂತ ಕರೀತಾರೆ. ಪರದೇಶದವರ ಜೊತೆ ಮಕ್ಕಳು ವಿನಿಮಯ ಮಾಡಿಕೊಳ್ಳಲಿ ಅಂತಲೇ ಇದನ್ನು ಇಟ್ಟಿದ್ದಾರೇನೋ ಅನಿಸುತ್ತೆ.

ಮಗ ಆರಿಸಿಕೊಂಡಿದ್ದು ಆಪ್ಲಿನ್ ಅನ್ನೋದನ್ನು. ಸೇಬಿನ ಒಳಗೆ ವಾಸ ಮಾಡೋ ಹುಳದಂಥ ಪುಟ್ಟ ಡ್ರ್ಯಾಗನ್. ಮಾಮೂಲಿ ಆಪ್ಲಿನ್‌ನ ಸೇಬು ಕೆಂಪು, ಶೈನಿಯದು ಹಸಿರು. ಇಷ್ಟೊಂದು ಪೋಕೆಮಾನ್ ಇರುವಾಗ ಇದೇ ಯಾಕೆ ಅಂತ ಕೇಳಿದ್ದಕ್ಕೆ, "ಬೇರೆಯೋರಿಗೆ ಗೊತ್ತಾಗೋದು ನಂಗೆ ಗೊತ್ತಾಗಲ್ಲ, ಅದಕ್ಕೇ" ಅಂದ. ನನ್ನ ತಮ್ಮ ಜರ್ಮನ್ ಭಾಷೆಯಲ್ಲಿ ಆಡ್ತಾನೆ, ಭಾಷೆ ಕಲಿಯೋಕೆ ಅಂತ ಶುರು ಮಾಡಿದ್ದು. ಅಲ್ಲಿ ಆಪ್ಲಿನ್ ಹೆಸರು ಕ್ನಾಪ್ಫೆಲ್ ಅಂತೆ. ಅವನು ಒಂದು ಡಿಟ್ಟೊ ಕಳಿಸಿದ. ಡಿಟ್ಟೊ ಅಂದರೆ ಗಂಜಿಮುದ್ದೆಯಂಥ ಪ್ರಾಣಿ, ಹೆಚ್ಚುಕಡಿಮೆ ಯಾವ ಗುಂಪಿನ ಜೊತೆಗಾದರೂ ಜೋಡಿಯಾಗುತ್ತೆ. ಜರ್ಮನ್ ಡಿಟ್ಟೊ, ಇಂಗ್ಲಿಷ್ ಆಪ್ಲಿನ್, ಮೊಟ್ಟೆ ಹಾಸನದ್ದು. ಮೊದಲೆಲ್ಲ ತಮ್ಮನ ಫೋನು ಬರುತ್ತಿದ್ದುದು ಯುಗಾದಿ, ದೀಪಾವಳಿಗೆ. ಈಗ ಪ್ರತಿ ಭಾನುವಾರ, ಮೊದಲ ಅರ್ಧ ಗಂಟೆ ಅಳಿಯನ ಜೊತೆ, ಕೊನೆಯ ಐದು ನಿಮಿಷ ನನ್ನ ಜೊತೆ. ಅಪ್ಪ ಕಾಫಿ ಹಣ್ಣನ್ನು ಒತ್ತಿ ನೋಡುತ್ತಿದ್ದುದನ್ನು ಅವನಿಗೆ ಮಾವನೇ ಹೇಳಿದ್ದು. "ತಾತ ಸೂಪರ್ ಅಲ್ವಾ, ಚೀಟ್ ಕೋಡ್ ಕಂಡುಹಿಡಿದಿದ್ರು" ಅಂತ ಅಂದಿನಿಂದ ಒಂದೇ ಸಮ. ಮೊನ್ನೆ ತೋಟಕ್ಕೆ ಹೋದಾಗ ಕಣ್ಣು ಮುಚ್ಚಿಕೊಂಡು ಹಣ್ಣು ಕೀಳೋದನ್ನು ತಂಗಿಗೆ ಕಲಿಸುತ್ತಿದ್ದ.

ಮೊಟ್ಟೆ ಒಡೆಯೋ ಹೊತ್ತಿಗೆ ನನಗೆ ಬುಲಾವ್. ನಾನು ಪಕ್ಕದಲ್ಲಿ ಕೂತು ಬಣ್ಣ ಹೇಳಬೇಕು. ಕೆಂಪು. ಕೆಂಪು. ಇದೂ ಕೆಂಪೇ ಕಣೋ. ನಿಜ ಹೇಳಬೇಕಂದರೆ ನಾನು ಬೇಕಾಗೇ ಇಲ್ಲ, ಶೈನಿ ಆದರೆ ಅದರ ಮಾಹಿತಿ ಪುಟದಲ್ಲಿ ಒಂದು ಸಣ್ಣ ಗುರುತು ಬರುತ್ತೆ, ಅದು ಅವನಿಗೂ ಗೊತ್ತು. ಆದರೂ ಕರೀತಾನೆ. ಹನ್ನೆರಡು ವರ್ಷದ ಹುಡುಗ ಇನ್ನೆಷ್ಟು ದಿನ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಳ್ತಾನೆ? ಒಲೆ ಸಣ್ಣ ಮಾಡಿ ಹೋಗಿ ಕೂರ್ತೀನಿ. ನಾನಿಲ್ಲದಾಗ ಮಗಳು ಹೇಳ್ತಾಳೆ. ಅವಳು ಒಂದೆರಡು ಸಲ "ಹಸಿರು!" ಅಂತ ಸುಳ್ಳು ಕೂಗಿ ಏಟು ತಿಂದಿದ್ದೂ ಇದೆ. ಅವಳಲ್ಲೂ ತಾತನ ದಾರ ಇದೆಯಾ ಅಂತ ಅವಳದೇ ಪ್ರಶ್ನೆ. ಇರಬಹುದು, ಇಲ್ಲದೇ ಇರಬಹುದು, ಅರ್ಧಕ್ಕರ್ಧ ಅಂದೆ. "ಇದ್ರೆ ಒಳ್ಳೇದು" ಅಂದಳು. ಯಾಕೆ ಅಂತ ಕೇಳಿದರೆ, ಅಣ್ಣನಿಗೂ ತಾತನಿಗೂ ಇದೆ, ತನಗೆ ಮಾತ್ರ ಯಾಕಿಲ್ಲ ಅಂತ.

ಮಂಚದ ಕೆಳಗಿನ ರೈಲು ಹೊರಗೆ ಬಂದಿದೆ, ಅಂದರೆ ತಂಗಿ ಆಡ್ತಾಳೆ. ಅವನಿಗೆ ಈಗ ರೈಲಿನ ವೇಳಾಪಟ್ಟಿ ಹುಚ್ಚು. ಒಂದೇ ಹಳಿಯ ಮೇಲೆ ಎದುರುಬದುರು ಬರೋ ಗಾಡಿಗಳನ್ನು ಯಾವ ಸ್ಟೇಷನ್ನಿನಲ್ಲಿ ದಾಟಿಸಬೇಕು ಅಂತ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ನೋಡ್ತಾನೆ. ಮುಂದೆ ಏನಾಗುತ್ತಾನೋ, ಈಗಲೇ ಹೇಳೋಕಾಗಲ್ಲ.

ಹೋದ ಭಾನುವಾರಕ್ಕೆ 431 ಮೊಟ್ಟೆ ಆಗಿದೆ. ಎಲ್ಲ ಕೆಂಪು. "683 ಆದ್ಮೇಲೆ ಗ್ಯಾರಂಟಿ ಬರುತ್ತಲ್ಲ?" ಅಂತ ಅತ್ತೆ ಮೊಮ್ಮಗನನ್ನು ಕೇಳ್ತಿದ್ದರು. ಹಾಗೇನಿಲ್ಲ. ಪ್ರತಿ ಮೊಟ್ಟೆಗೂ ಲೆಕ್ಕ ಹೊಸದಾಗೇ ಶುರು, ಹಿಂದಿನ ಮೊಟ್ಟೆಗಳ ನೆನಪು ಅದಕ್ಕಿರಲ್ಲ. 683 ಒಡೆದ ಮೇಲೂ ಒಂದೂ ಹಸಿರು ಬರದೇ ಇರೋ ಸಾಧ್ಯತೆ ನೂರಕ್ಕೆ ಸುಮಾರು 37. ಕ್ಯಾಲ್ಕುಲೇಟರ್ ಹಿಡಿದು ನಾವಿಬ್ಬರೂ ಕೂತು ಲೆಕ್ಕ ಹಾಕಿದೆವು. ಅತ್ತೆಗೆ ಇದು ಸಮಾಧಾನ ತರಲಿಲ್ಲ. ಶನಿವಾರ ಆಂಜನೇಯನ ಗುಡಿಗೆ ಹೋಗುವಾಗ ಮೊಟ್ಟೆಗೆ ಅಂತ ಒಂದು ತೆಂಗಿನಕಾಯಿ ತಗೊಂಡು ಹೋದರು. ಬ್ರಹ್ಮಚಾರಿ ದೇವರಿಗೆ ಈ ವಿಷಯ ಯಾಕೆ ಅಂತ ಇವರು ತಮಾಷೆ ಮಾಡಿದ್ದಕ್ಕೆ, "ನಿಂಗೇನು ಗೊತ್ತು, ಸುಮ್ನಿರು" ಅಂತ ಬೈಸಿಕೊಂಡರು.